ಚಾವಡಿಯ ಕಾಲುದೀಪ: ಮೂರು ದಾರಿಯ ಎಆರ್ ಪ್ರಯೋಗ

ಉಡುಪಿಯ ಕಡಿಯಾಳಿಯಲ್ಲಿರುವ ದೊಡ್ಡಮ್ಮನ ಮನೆಯ ಚಾವಡಿಗೆ ಒಂದು ಹಿತ್ತಾಳೆ ಕಾಲುದೀಪ ಬೇಕಿತ್ತು. ಎರಡಡಿಯದ್ದೋ ಮೂರಡಿಯದ್ದೋ ಎಂದು ತೀರ್ಮಾನವಾಗಿರಲಿಲ್ಲ. ನಾನು ಮೊಬೈಲ್ ಆ್ಯಪ್ ಬರೆಯುವವನು. ದೀಪದ ತ್ರೀಡಿ ಮಾದರಿ ಮಾಡಿ, ಫೋನಿನ ಪರದೆಯಲ್ಲೇ ಚಾವಡಿಯಲ್ಲಿ ನಿಲ್ಲಿಸಿ ತೋರಿಸಿದೆ. ಹೀಗೆ ಕ್ಯಾಮರಾದಲ್ಲಿ ಕಾಣುವ ನಿಜ ಜಾಗದ ಮೇಲೆ ಇಲ್ಲದ ವಸ್ತುವನ್ನು ತೋರಿಸುವುದೇ ಎಆರ್ (ಆಗ್ಮೆಂಟೆಡ್ ರಿಯಾಲಿಟಿ). ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿ ಹೇಳಿದ್ದು ಒಂದೇ ಮಾತು: "ಎಂತದು ಮಾರಾಯ, ದೀಪ ನೆಲಕ್ಕೆ ತಾಗಿಯೇ ಇಲ್ಲವಲ್ಲ!"

ಅಳತೆ ಸರಿಯಿತ್ತು, ಜಾಗವೂ ಸರಿ. ಆದರೆ ದೀಪಕ್ಕೆ ಆ ಮನೆಯ ಪರಿಚಯವೇ ಇರಲಿಲ್ಲ. ನೆರಳಿಲ್ಲ. ಮರದ ಕಂಬದ ಹಿಂದೆ ಇಟ್ಟರೂ ಕಂಬದ ಮುಂದೆಯೇ ಕಾಣುತ್ತಿತ್ತು. ಆಮೇಲೆ ಮಳೆಗಾಲದ ಕೆಲವು ಭಾನುವಾರ ಅಲ್ಲೂ, ಮಂಗಳೂರಿನ ಬೆಂದೂರ್‌ವೆಲ್‌ನ ನನ್ನ ಫ್ಲ್ಯಾಟಿನಲ್ಲೂ ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಕೈಯಾರೆ ಮಾಡುವ ದಾರಿ. 360 ಡಿಗ್ರಿ ಕ್ಯಾಮರಾವನ್ನು ಚಾವಡಿಯ ನಡುವೆ ಇಟ್ಟು, ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ, ಅಂದರೆ ಒಳಬರುವ ಬೆಳಕನ್ನು ಹೆಚ್ಚು ಕಡಿಮೆ ಮಾಡಿ, ಫೋಟೋ ತೆಗೆದು, ಅವನ್ನು ಸೇರಿಸಿ ಅದೇ ಚಿತ್ರವನ್ನು ದೀಪಕ್ಕೆ ಬೆಳಕಾಗಿ ಕೊಟ್ಟೆ. ಹಿತ್ತಾಳೆಯ ಹೊಳಪಿನಲ್ಲಿ ಇದನ್ನು ಮೀರಿಸಿದ್ದು ಇಲ್ಲ. ದೀಪದ ಬುಡದಲ್ಲಿ ಕೆಂಪು ನೆಲ, ಕುತ್ತಿಗೆಯಲ್ಲಿ ಕಿಟಕಿಯ ಸರಳು, ಎಲ್ಲ ನಿಜವಾದ್ದೇ. ಆದರೆ ಮೋಡ ಮುಸುಕಿತು ನೋಡಿ, ಚಾವಡಿ ಕಪ್ಪಾಯಿತು. ದೀಪ ಮಾತ್ರ ಬೆಳಗ್ಗೆ ಹನ್ನೊಂದರ ಬಿಸಿಲಲ್ಲೇ ನಿಂತಿತ್ತು. ಬೆಳಕು ಬದಲಾಗದ ಜಾಗಕ್ಕೆ, ಮ್ಯೂಸಿಯಂನ ಕೋಣೆಯಂಥದ್ದಕ್ಕೆ, ಇದು ಸಾಕು. ನಮ್ಮ ಜುಲೈಗೆ ಸಾಲದು.

ಎರಡನೆಯದು ಆಂಡ್ರಾಯ್ಡ್ ಫೋನಿನಲ್ಲಿ ಎಆರ್‌ಕೋರ್, ಅಂದರೆ ಎಆರ್ ಆ್ಯಪ್ ಬರೆಯಲು ಗೂಗಲ್ ಕೊಡುವ ತಂತ್ರಾಂಶ. ಇದರಲ್ಲಿ 2019ರಿಂದ ಎನ್ವಿರಾನ್ಮೆಂಟಲ್ ಎಚ್‌ಡಿಆರ್ ಎಂಬ ಸೌಲಭ್ಯ ಉಂಟು. ಕ್ಯಾಮರಾಕ್ಕೆ ಕಂಡಷ್ಟರಿಂದಲೇ ಮುಖ್ಯ ಬೆಳಕು ಯಾವ ಕಡೆಯಿಂದ, ಎಷ್ಟು ಜೋರಾಗಿ ಬರುತ್ತಿದೆ ಎಂದು ಅದು ಊಹಿಸಿ ಹೇಳುತ್ತದೆ. ಈ 'ಯಾವ ಕಡೆಯಿಂದ' ಎನ್ನುವುದೇ ನನ್ನನ್ನು ಗೆದ್ದದ್ದು. ದೊಡ್ಡಮ್ಮನ ಮಾಡಿನಲ್ಲಿ ಮಂಗಳೂರು ಹಂಚಿನ ನಡುವೆ ಎರಡು ಗಾಜಿನ ಹಂಚು ಇವೆ. ಬಿಸಿಲು ಬಂದಾಗ ಅಲ್ಲಿಂದ ಒಂದು ಓರೆ ಬೆಳಕು ಇಳಿಯುತ್ತದೆ. ಕಂಬದ ನೆರಳು ಬಿದ್ದ ಕಡೆಗೇ ದೀಪದ ನೆರಳೂ ಬಿದ್ದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತೆ. ಮೋಡ ಬಂದರೆ ಆ ನೆರಳೂ ಮಂಕಾಗುತ್ತಿತ್ತು.

ತೊಂದರೆ ಬಂದದ್ದು ನೆಲದಿಂದ. ವರ್ಷಗಟ್ಟಲೆ ತಿಕ್ಕಿ ಕನ್ನಡಿಯಂತಾದ ರೆಡ್ ಆಕ್ಸೈಡ್ ನೆಲ ಅದು. ಕ್ಯಾಮರಾದ ಲೆಕ್ಕಾಚಾರಕ್ಕೆ ಗುರುತು ಹಿಡಿಯಲು ಚುಕ್ಕೆ, ಗೀರು, ಅಂಚು ಬೇಕು. ಅಲ್ಲಿ ಯಾವುದೂ ಇಲ್ಲ, ಇರುವುದು ಬರೀ ಪ್ರತಿಬಿಂಬ. ದೀಪ ನಿಧಾನಕ್ಕೆ ಜಾರುತ್ತಿತ್ತು. ಒಂದು ಓಲೆ ಚಾಪೆ ಹಾಸಿದೆ, ಥಟ್ಟನೆ ನಿಂತಿತು! ಫ್ಲ್ಯಾಟಿನ ಬಿಳಿ ಟೈಲ್ಸ್ ಮೇಲೂ ಇದೇ ಕತೆ, ಅಲ್ಲಿ ನಿನ್ನೆಯ ಪೇಪರ್ ಹರಡಿದೆ. ಇನ್ನು ದೀಪ ಕಂಬದ ಹಿಂದೆ ಮರೆಯಾಗುವ ವಿಷಯ. 2020ರಲ್ಲಿ ಎಆರ್‌ಕೋರ್‌ಗೆ ಬಂದ, ದೂರ ಅಳೆಯುವ ಡೆಪ್ತ್ ಎಪಿಐ ಎಂಬ ಸೌಲಭ್ಯಕ್ಕೆ ಒಂದೇ ಕ್ಯಾಮರಾ ಸಾಕು, ಫೋನನ್ನು ಅತ್ತಿತ್ತ ಆಡಿಸಿದಾಗ ಬರುವ ವ್ಯತ್ಯಾಸದಿಂದ ದೂರ ಲೆಕ್ಕ ಹಾಕುತ್ತದೆ. ಅರ್ಧ ಮೀಟರಿನಿಂದ ಐದು ಮೀಟರಿನ ಒಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಂಬ ದೀಪವನ್ನು ಮರೆಮಾಡಿತು, ಆದರೆ ಅಂಚು ಸ್ವಲ್ಪ ಹರಿದ ಹಾಗಿತ್ತು. ನಡೆದಾಡುವವರನ್ನು ಈ ವಿಧಾನದಿಂದ ಅಳೆಯುವುದು ಕಷ್ಟ.

ಮೂರನೆಯದಕ್ಕೆ ಸ್ನೇಹಿತನ ಐಫೋನ್ ಪ್ರೊ ಎರವಲು ತಂದೆ. 2020ರ 12 ಪ್ರೊದಿಂದ ಈ ಸಾಲಿನ ಫೋನುಗಳಲ್ಲಿ ಲೈಡಾರ್ ಇದೆ. ಅದು ತಾನೇ ಬೆಳಕು ಹಾಯಿಸಿ, ಆ ಬೆಳಕು ತಿರುಗಿ ಬರುವ ಹೊತ್ತಿನಿಂದ ದೂರ ಅಳೆಯುತ್ತದೆ. ಹಾಗಾಗಿ ಸುಣ್ಣ ಬಳಿದ ಬೋಳು ಗೋಡೆಯೂ ಅದಕ್ಕೆ ಕಾಣುತ್ತದೆ. ಕಂಬ, ಜಗಲಿಯ ಅಂಚು, ಮೂಲೆಯ ಮಣೆ ಎಲ್ಲದರ ಮೇಲೆ ಬಲೆ ಹೆಣೆದಂತೆ ಆಕಾರ ಕಟ್ಟಿತು. ಐಫೋನಿನ ಎಆರ್ ತಂತ್ರಾಂಶವಾದ ಎಆರ್‌ಕಿಟ್ ಮನುಷ್ಯರನ್ನೂ ಬೇರೆಯಾಗಿ ಗುರುತಿಸುತ್ತದೆ. ದೊಡ್ಡಮ್ಮ ಕಾಫಿ ಲೋಟ ಹಿಡಿದು ದೀಪದ ಎದುರಿಂದ ಹಾದು ಹೋದರು. ಸೀರೆಯ ಸೆರಗು ದೀಪವನ್ನು ಮುಚ್ಚಿ, ಮತ್ತೆ ಬಿಟ್ಟುಕೊಟ್ಟಿತು. ಬತ್ತಿಯ ಬೆಳಕನ್ನು ಆ ಬಲೆಯ ಮೇಲೆ ಬೀಳಿಸಲೂ ಆಗುತ್ತದೆ, ನಿಜವಾದ ಗೋಡೆಯೇ ಹಳದಿಯಾದ ಹಾಗೆ ಕಾಣುತ್ತದೆ. ಕಾಲುದೀಪಕ್ಕೆ ಇದಕ್ಕಿಂತ ಮುಖ್ಯವಾದದ್ದು ಇನ್ನೇನಿದೆ, ಅಲ್ವಾ?

ಆದರೆ ಎಆರ್‌ಕಿಟ್ ಬೆಳಕಿನ ದಿಕ್ಕನ್ನು ಹೇಳುವುದು ಮುಖ ಗುರುತಿಸುವ ಮೋಡ್‌ನಲ್ಲಿ ಮಾತ್ರ. ಕೋಣೆ ನೋಡುವಾಗ ಸಿಗುವುದು ಬೆಳಕಿನ ಪ್ರಮಾಣ, ಅದರ ಬಣ್ಣ, ಮತ್ತೆ ಹೊಳಪಿಗೆ ಬೇಕಾದ ಸುತ್ತಲಿನ ಚಿತ್ರ. ನೆರಳು ಯಾವ ಕಡೆ ಬೀಳಬೇಕೆಂದು ನಾನೇ ಹೇಳಬೇಕು. ಕೊನೆಗೆ ಒಂದು ಬಟನ್ ಇಟ್ಟೆ: ಬೆಳಕು ಬರುವ ಕಡೆಗೆ ಫೋನ್ ತೋರಿಸಿ ಒಮ್ಮೆ ಒತ್ತಿದರೆ ಆಯಿತು.

ಹೊಳಪಿನ ಬಗ್ಗೆ ನಾನು ಮೊದಲು ಜಾಸ್ತಿ ತಲೆ ಕೆಡಿಸಿಕೊಂಡಿದ್ದೆ. ಅದು ಅಷ್ಟು ಬೇಕಿರಲಿಲ್ಲ. ಹಿತ್ತಾಳೆಯ ಮೇಲೆ ತಪ್ಪು ಕಿಟಕಿ ಕಂಡರೆ ಯಾರೂ ಗಮನಿಸಲಿಲ್ಲ. ಬುಡದ ಸುತ್ತ ಬೆರಳಷ್ಟು ಅಗಲದ ಕಪ್ಪು ನೆರಳು ಇಲ್ಲದಿದ್ದರೆ ಮಾತ್ರ ಎಲ್ಲರ ಕಣ್ಣಿಗೂ ಬಿತ್ತು. ಆ ನೆರಳು ಯಾವ ಫೋನಿನಲ್ಲೂ ಹಾಕಬಹುದು, ಖರ್ಚೇ ಇಲ್ಲ. ನನ್ನ ಆಯ್ಕೆ ಕೇಳಿದರೆ, ಹತ್ತಾರು ಮನೆಯವರು ತಮ್ಮ ತಮ್ಮ ಫೋನಿನಲ್ಲಿ ನೋಡುವುದಾದರೆ ಎಆರ್‌ಕೋರ್. ನಾನೇ ಹೋಗಿ ತೋರಿಸುವುದಾದರೆ ಲೈಡಾರ್ ಇರುವ ಫೋನ್.

ಕೊನೆಯ ಭಾನುವಾರ ದೊಡ್ಡಮ್ಮ ಮೂರಡಿಯ ದೀಪವನ್ನು ಕಂಬದ ಪಕ್ಕ ನಿಲ್ಲಿಸಿ ನೋಡಿದರು. ಫೋನ್ ಹಿಡಿದುಕೊಂಡೇ ಬಾಗಿಲಿನವರೆಗೆ ಹೋಗಿ ಬಂದರು. "ಇದು ಬೇಡ. ಮಕ್ಕಳು ಓಡಿ ಬಂದರೆ ತಾಗ್ತದೆ. ಎರಡಡಿಯದ್ದೇ ತಾ" ಎಂದರು.