ಅಂತಾಲ್ಯದಿಂದ ಪಮುಕ್ಕಲೆಗೆ ಒಂದು ದಿನದ ಬಸ್ ಟೂರ್: ಹೋಗಿ, ಆದರೆ ಮೊದಲು ಸಮಯ ಕೇಳಿಕೊಳ್ಳಿ

ಟರ್ಕಿಯ ಅಂತಾಲ್ಯಕ್ಕೆ ಹೋದವರ ತಲೆಯಲ್ಲಿ ಬರುವ ಪ್ರಶ್ನೆ ಇದು. ಬಿಳಿ ಗುಡ್ಡ, ಬಿಸಿ ನೀರಿನ ಕೊಳಗಳಿರುವ ಪಮುಕ್ಕಲೆಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾ? ಬರಬಹುದು. ನಾವು ಹೋಗಿ ಬಂದೆವು, ಜೊತೆಗೆ ಅಮ್ಮನೂ ಇದ್ದರು. ಕೊಟ್ಟ ದುಡ್ಡಿಗೆ ಬೇಜಾರಿಲ್ಲ. ಆದರೆ ಟೂರ್ ಬುಕ್ ಮಾಡುವ ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ಅಲ್ಲಿ ಇಳಿದ ಮೇಲೆ ಗೇಟಿನ ಒಳಗೆ ಎಷ್ಟು ಗಂಟೆ ಬಿಡುತ್ತೀರಿ? ಬಸ್ಸು ಹೇಗಿದೆ, ಊಟ ಏನು, ಗೈಡ್ ಯಾರು, ಇವೆಲ್ಲ ಆಮೇಲಿನ ಮಾತು. ನಾಲ್ಕು ಗಂಟೆಗಿಂತ ಕಡಿಮೆ ಅಂದರೆ ಬೇರೆ ಟೂರ್ ನೋಡಿ.

ದಾರಿ ಉದ್ದ. ಸುಮಾರು 240 ಕಿಲೋಮೀಟರ್, ಬಸ್ಸಿನಲ್ಲಿ ಮೂರೂವರೆ ಗಂಟೆ ಬೇಕೇ ಬೇಕು, ಅದೂ ಬರೀ ಹೋಗುವುದಕ್ಕೆ. ಕತ್ತಲಿರುವಾಗಲೇ ವ್ಯಾನ್ ಹೋಟೆಲ್ ಬಾಗಿಲಿಗೆ ಬರುತ್ತದೆ, ಆಮೇಲೆ ಊರೆಲ್ಲ ಸುತ್ತಿ ಬೇರೆ ಹೋಟೆಲುಗಳವರನ್ನು ಹತ್ತಿಸಿಕೊಂಡು ದೊಡ್ಡ ಬಸ್ಸಿಗೆ ತಂದು ಬಿಡುತ್ತಾರೆ. ಅಲಾನ್ಯ ಕಡೆ ಉಳಿದುಕೊಂಡವರಿಗೆ ಇನ್ನೂ ಎರಡು ಗಂಟೆ ಜಾಸ್ತಿ. ಅವರಿಗೆ ಈ ಒಂದು ದಿನದ ಟೂರ್ ಬೇಡ ಎಂದೇ ಹೇಳುತ್ತೇನೆ. ಕೊರ್ಕುತೆಲಿ ದಾಟಿದರೆ ಟಾರಸ್ ಬೆಟ್ಟಗಳು, ಆಮೇಲೆ ಬಯಲು, ಗೋಧಿ ಹೊಲ. ಬೆಳಕಾದ ಮೇಲೆ ನಿದ್ದೆ ಮಾಡಬೇಡಿ, ದಾರಿ ಚೆನ್ನಾಗಿದೆ. ಪಮುಕ್ಕಲೆಗೆ ಹತ್ತಿರದ ದೊಡ್ಡ ಊರು ಡೆನಿಜ್ಲಿ, ಅದಕ್ಕೆ ಸ್ವಲ್ಪ ಮೊದಲು ಸೆರಿನ್‌ಹಿಸಾರ್ ಎಂಬ ಊರು ಸಿಗುತ್ತದೆ, ಅದು ಹುರಿಗಡಲೆಗೆ ಹೆಸರುವಾಸಿ. ಅಲ್ಲಿ ನಿಲ್ಲಿಸಿದರೆ ಬಿಸಿಬಿಸಿ ಹುರಿಗಡಲೆ ತಗೊಳ್ಳಿ. ಬಸ್ಸಿನಲ್ಲಿ ಇಡೀ ದಿನ ಬಾಯಿಗೆ ಆಗುತ್ತದೆ.

ಈಗ ಜಾಗದ ವಿಷಯ. ಫೋಟೋಗಳಲ್ಲಿ ಬರೀ ಬಿಳಿ ಗುಡ್ಡ, ಅದರ ಮೇಲೆ ತಿಳಿನೀಲಿ ನೀರಿನ ಕೊಳಗಳು ಕಾಣುತ್ತವೆ. ಆ ಗುಡ್ಡದ ತಲೆಯ ಮೇಲೇ ಹಿಯೆರಾಪೊಲಿಸ್ ಎಂಬ ಪಾಳುಬಿದ್ದ ಇಡೀ ಹಳೆಯ ಊರು ಇದೆ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಪೆರ್ಗಮಾನ್ ಎಂಬ ಹಳೆಯ ರಾಜ್ಯದ ರಾಜರ ಕಾಲದ್ದು, ಕ್ರಿ.ಪೂ. 133ರಲ್ಲಿ ರೋಮನ್ನರ ಕೈಗೆ ಬಂತು, ಕ್ರಿ.ಶ. 60ರ ಭೂಕಂಪದಲ್ಲಿ ಬಿತ್ತು, ಮತ್ತೆ ಎದ್ದಿತು. 1957ರಿಂದ ಇಟಲಿಯ ಪುರಾತತ್ವ ತಂಡ ಇಲ್ಲಿ ಅಗೆಯುತ್ತಿದೆ. 1988ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ನೀರನ್ನೂ ಊರನ್ನೂ ಒಟ್ಟಿಗೇ ಸೇರಿಸಿದರು. ಅದು ಸರಿಯಾದ ಕೆಲಸ. ಇಲ್ಲಿ ನೀರು ಬೇರೆ, ಊರು ಬೇರೆ ಅಲ್ಲ. ಬಿಸಿ ನೀರಿಲ್ಲದೆ ಈ ಊರೇ ಇರುತ್ತಿರಲಿಲ್ಲ. ಟೂರಿನವರು ಮಾತ್ರ ನೀರಿಗೆ ಕರೆದುಕೊಂಡು ಹೋಗಿ, ಊರನ್ನು ದಾರಿಯಲ್ಲಿ ಸಿಕ್ಕಿದ ಕಲ್ಲುಗಳು ಅನ್ನುವ ಹಾಗೆ ದಾಟಿಸಿಬಿಡುತ್ತಾರೆ. ನನ್ನ ತಕರಾರು ಇಷ್ಟೇ.

ಒಳಗೆ ಹೋಗಲು ಮೂರು ಗೇಟ್. ಕೆಳಗಿನ ಹಳ್ಳಿಯ ಕಡೆಯಿಂದ ಹೋದರೆ ಬಿಳಿ ಗುಡ್ಡವನ್ನು ಬರಿಗಾಲಲ್ಲಿ ಹತ್ತಬೇಕು. ದಕ್ಷಿಣದ ಗೇಟ್‌ನಿಂದ ಹೋದರೆ ಬೇಗ ನೀರಿನ ಹತ್ತಿರ ತಲುಪುತ್ತೀರಿ. ಉತ್ತರದ ಗೇಟ್‌ನಿಂದ ಹೋದರೆ ಮೊದಲು ಸ್ಮಶಾನ, ಆಮೇಲೆ ಊರಬಾಗಿಲು, ಆಮೇಲೆ ದೊಡ್ಡ ಬೀದಿ, ಕೊನೆಗೆ ನೀರು. ಉತ್ತರದಿಂದಲೇ ಹೋಗಿ. ನಮ್ಮ ಗೈಡ್ ಅಲ್ಲಿಂದಲೇ ಕರೆದುಕೊಂಡು ಹೋದರು, ಅದಕ್ಕೆ ಅವರಿಗೆ ದೊಡ್ಡ ಥ್ಯಾಂಕ್ಸ್.

ಸ್ಮಶಾನ ಅಂದರೆ ಸಣ್ಣದಲ್ಲ. ಸಾವಿರಕ್ಕೂ ಹೆಚ್ಚು ಗೋರಿಗಳು, ಕೆಲವು ಮನೆಯಷ್ಟು ದೊಡ್ಡವು, ಕೆಲವು ಮಣ್ಣಿನ ದಿಬ್ಬದ ಥರ, ಕೆಲವು ಬರೀ ಕಲ್ಲಿನ ಪೆಟ್ಟಿಗೆಗಳು. ಈ ನೀರಿನಲ್ಲಿ ಮಿಂದರೆ ಕಾಯಿಲೆ ವಾಸಿಯಾಗುತ್ತದೆ ಎಂದು ದೂರದಿಂದ ಬರುತ್ತಿದ್ದರಂತೆ, ವಾಸಿಯಾಗದವರು ಇಲ್ಲೇ ಉಳಿದರು. ಇಲ್ಲಿ ಒಂದು ಗೋರಿಯನ್ನು ಬಿಸಿ ನೀರು ಹರಿಸಿ ತಂದ ಸುಣ್ಣವೇ ಅರ್ಧ ನುಂಗಿದೆ, ಕಲ್ಲಿನ ಮನೆ ಕಲ್ಲಿನೊಳಗೆ ಹೂತುಹೋಗಿದೆ. ಅದನ್ನು ಹುಡುಕಿಕೊಂಡು ಹೋಗಿ ನೋಡಿ.

ಊರಬಾಗಿಲ ಹತ್ತಿರ ಫ್ಲೇವಿಯಸ್ ಝ್ಯೂಕ್ಸಿಸ್ ಎಂಬ ವ್ಯಾಪಾರಿಯ ಗೋರಿ ಇದೆ. ತಾನು ಗ್ರೀಸಿನ ಮಲೇಯಾ ಭೂಶಿರವನ್ನು ಸುತ್ತಿ ಇಟಲಿಗೆ 72 ಸಲ ಹಡಗಿನಲ್ಲಿ ಹೋಗಿದ್ದೇನೆ ಎಂದು ಅದರ ಮೇಲೆ ಕೆತ್ತಿಸಿದ್ದಾನೆ. ಆ ಕಾಲದಲ್ಲಿ ಆ ಭೂಶಿರ ದಾಟುವುದು ಅಂದರೆ ಜೀವ ಕೈಯಲ್ಲಿ ಹಿಡಿದುಕೊಂಡ ಹಾಗೆ. ಅಷ್ಟು ಸಲ ಹೋಗಿ ಬಂದು, ಕೊನೆಗೆ ತನ್ನೂರಿನ ಬಾಗಿಲಲ್ಲಿ ಅದನ್ನು ಬರೆಸಿಕೊಂಡಿದ್ದಾನೆ ನೋಡಿ, ನನಗೆ ತುಂಬಾ ಹಿಡಿಸಿತು. ಇದೇ ಸ್ಮಶಾನದಲ್ಲಿ ಅಮ್ಮಿಯಾನೋಸ್ ಎಂಬವನ ಕಲ್ಲಿನ ಶವಪೆಟ್ಟಿಗೆ ಸಿಕ್ಕಿದೆ. ಅದರ ಮುಚ್ಚಳದ ಮೇಲೆ ನೀರಿನ ಚಕ್ರದಿಂದ ಓಡುವ, ಕಲ್ಲು ಕೊಯ್ಯುವ ಗರಗಸದ ಚಿತ್ರವಿದೆ. 3ನೇ ಶತಮಾನದ್ದು. ಚಕ್ರ ತಿರುಗುವುದನ್ನು ಗರಗಸ ಹಿಂದೆ ಮುಂದೆ ಹೋಗುವ ಹಾಗೆ ಮಾಡುವ ಕ್ರ್ಯಾಂಕ್ ಇದೆಯಲ್ಲ, ಅಂಥ ಯಂತ್ರದ ಇಷ್ಟು ಹಳೆಯ ಚಿತ್ರ ಬೇರೆಲ್ಲೂ ಸಿಕ್ಕಿಲ್ಲ. ಇಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಖಂಡಿತ ಹೇಳಿ. ನಮ್ಮ ಬಸ್ಸಿನಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಆಗಲಿಲ್ಲ, ಅಷ್ಟೊತ್ತಿಗೆ ಅವರನ್ನು ಫೋಟೋಗೆ ಮುಂದೆ ಕರೆದಾಗಿತ್ತು.

ಕ್ರಿ.ಶ. 80ರ ದಶಕದಲ್ಲಿ ಕಟ್ಟಿದ ಮೂರು ಕಮಾನಿನ ಬಾಗಿಲು ದಾಟಿದರೆ ದೊಡ್ಡ ಬೀದಿ. ಫ್ರಾಂಟಿನಸ್ ಬೀದಿ ಎನ್ನುತ್ತಾರೆ. ಕಲ್ಲು ಹಾಸು ಇನ್ನೂ ಹಾಗೇ ಇದೆ. ಇಲ್ಲಿ ಉಣ್ಣೆ ನೇಯುವವರು, ಬಣ್ಣ ಹಾಕುವವರು ಸಂಘ ಕಟ್ಟಿಕೊಂಡು ಬದುಕುತ್ತಿದ್ದರು. ಎರಡು ಸಾವಿರ ವರ್ಷದ ಹಿಂದೆ ಸ್ಟ್ರಾಬೋ ಎಂಬ ಭೂಗೋಳಕಾರ ಬರೆದಿಟ್ಟಿದ್ದಾನೆ: ಈ ಊರಿನ ನೀರಿನಲ್ಲಿ ಬೇರಿನ ಬಣ್ಣ ಹಾಕಿದ ಉಣ್ಣೆ, ಸಮುದ್ರದ ಚಿಪ್ಪಿನಿಂದ ತೆಗೆಯುವ ದುಬಾರಿ ನೇರಳೆ ಬಣ್ಣಕ್ಕೆ ಸಾಟಿಯಾಗುತ್ತದೆ ಎಂದು. ಇನ್ನೊಂದು ಮಾತೂ ಹೇಳಿದ್ದಾನೆ. ಜನ ಕಾಲುವೆ ತೋಡಿ ನೀರು ಬಿಡುತ್ತಾರೆ, ನೀರು ಗಟ್ಟಿಯಾಗಿ ಕಲ್ಲಿನ ಬೇಲಿಯೇ ಆಗುತ್ತದೆ! ಇವತ್ತಿಗೂ ಅಲ್ಲಿ ಕಾಲುವೆಗಳು ನೆಲದಿಂದ ಮೇಲೆದ್ದು ಗೋಡೆಯ ಹಾಗೆ ನಿಂತಿವೆ. ನೀರು ತನ್ನ ಕಾಲುವೆಯನ್ನು ತಾನೇ ಎತ್ತರಿಸಿಕೊಂಡಿದೆ.

ಇದು ಹೇಗೆ ಅಂತ ಕೇಳಿದರೆ, ನಮ್ಮ ಬೋರ್‌ವೆಲ್ ನೀರು ಕಾಯಿಸುವ ಗೀಸರ್ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ವಸ್ತು. ಕ್ಯಾಲ್ಸಿಯಂ ಕಾರ್ಬೊನೇಟ್. ನೆಲದೊಳಗಿನ ಬಿಸಿ ನೀರು ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಮೇಲೆ ಬಂದ ಕೂಡಲೇ ಅದರಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹಾರಿಹೋಗುತ್ತದೆ, ಸುಣ್ಣ ಕೆಳಗೆ ಕೂರುತ್ತದೆ. ಮೊದಲು ಮೆತ್ತಗಿರುತ್ತದೆ, ಆಮೇಲೆ ಕಲ್ಲು. ಹೀಗೆ ಸಾವಿರಾರು ವರ್ಷ ಆಗಿ ಈ ಗುಡ್ಡ.

ಅದೇ ಗ್ಯಾಸಿನ ಇನ್ನೊಂದು ಕಥೆ ಪ್ಲುಟೋನಿಯನ್. ಪಾತಾಳದ ದೇವರು ಪ್ಲೂಟೋನ ಬಾಗಿಲು ಎಂದು ಪೂಜಿಸುತ್ತಿದ್ದ ಸಣ್ಣ ಗುಹೆ. ಒಳಗೆ ಬಿಟ್ಟ ಎತ್ತುಗಳು ಸತ್ತು ಬೀಳುತ್ತಿದ್ದವು, ಪೂಜಾರಿಗಳು ಮಾತ್ರ ಹಾಗೇ ಹೊರಗೆ ಬರುತ್ತಿದ್ದರು. ಸ್ಟ್ರಾಬೋ ತಾನೇ ಗುಬ್ಬಚ್ಚಿಗಳನ್ನು ಒಳಗೆ ಎಸೆದು ನೋಡಿದ್ದಾನೆ, ತಕ್ಷಣ ಸತ್ತವಂತೆ. ಈ ಜಾಗವನ್ನು ಗುರುತಿಸಿದ್ದನ್ನು ಇಟಲಿಯ ಫ್ರಾಂಚೆಸ್ಕೊ ಡಿ'ಆಂಡ್ರಿಯಾ ಅವರು 2013ರಲ್ಲಿ ಪ್ರಕಟಿಸಿದರು. ಈಗ ಅಳತೆ ಮಾಡಿ ನೋಡಿದ್ದಾರೆ, ಭೂಮಿಯ ಬಿರುಕಿನಿಂದ ಇಂದಿಗೂ ಕಾರ್ಬನ್ ಡೈಆಕ್ಸೈಡ್ ಬರುತ್ತಿದೆ. ಅದು ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಎತ್ತಿನ ಮೂಗು ಅದರೊಳಗೆ, ನಿಂತ ಮನುಷ್ಯನ ತಲೆ ಅದರ ಮೇಲೆ. ಕೇಳಿದಾಗ ಮೈ ಜುಂ ಅಂದಿತು. ಹತ್ತಿರದಲ್ಲೇ ಬೆಟ್ಟದ ಇಳಿಜಾರಿನಲ್ಲಿ ರಂಗಮಂದಿರ. ಮೆಟ್ಟಿಲು ಹತ್ತಿ ಮೇಲಿನ ಸಾಲಿನಿಂದ ನೋಡಿ, ವೇದಿಕೆಯ ಹಿಂದಿನ ಕಂಬಗಳು, ಕೆತ್ತನೆ, ಅದರಾಚೆ ಇಡೀ ಬಯಲು. ಇನ್ನೂ ಮೇಲೆ ಯೇಸುವಿನ ಶಿಷ್ಯ ಸಂತ ಫಿಲಿಪ್ ಹುತಾತ್ಮರಾದರು ಎಂದು ನಂಬುವ ಕಡೆ ಎಂಟು ಮೂಲೆಯ ಚರ್ಚಿನ ಅವಶೇಷ. ಅಲ್ಲಿಗೆ ಹೋಗಲು ನಮಗೆ ಸಮಯವೇ ಸಿಗಲಿಲ್ಲ. ಹಳೆಯ ರೋಮನ್ ಸ್ನಾನದ ಮನೆಯಲ್ಲಿ ಇರುವ ಮ್ಯೂಸಿಯಂ ಕೂಡ ಹೊರಗಿಂದಲೇ ಬೈ ಹೇಳಿದ್ದಾಯಿತು. ಸ್ಟೋಯಿಕ್ ತತ್ವಜ್ಞಾನಿ ಎಪಿಕ್ಟೆಟಸ್ ಗುಲಾಮನಾಗಿ ಹುಟ್ಟಿದ್ದು ಇದೇ ಊರಿನಲ್ಲಿ. ಅವನ ಹೆಸರನ್ನು ಗೈಡ್ ಕೂಡ ನಡೆಯುತ್ತಾ ನಡೆಯುತ್ತಾ ಹೇಳಿ ಮುಗಿಸಿದರು, ಪಾಪ, ಅವರಿಗೂ ಗಡಿಯಾರದ್ದೇ ಚಿಂತೆ.

ಸಮಯ ಯಾಕೆ ಸಿಗಲಿಲ್ಲ? ಅಂಗಡಿಗಳಿಂದ. ಟೂರ್ ಪಟ್ಟಿಯಲ್ಲಿ "ಇಡೀ ದಿನ ಪಮುಕ್ಕಲೆ" ಎಂದಿತ್ತು. ಆದರೆ ಒಂದು ಕಲ್ಲಿನ ಆಭರಣದ ಅಂಗಡಿ, ಒಂದು ಬಟ್ಟೆ ಅಂಗಡಿ, ಒಂದು ಸಿಹಿ ಅಂಗಡಿ, ಎಲ್ಲಾ ಕಡೆ ಇಳಿಸಿ ಕಾಯಿಸಿದರು. ಕೊನೆಗೆ ಗೇಟಿನ ಒಳಗೆ ಸಿಕ್ಕಿದ್ದು ಮೂರು ಗಂಟೆಗೂ ಕಡಿಮೆ. ಅಷ್ಟು ದೂರ ಕೂತು ಹೋದವರಿಗೆ ಇದು ಅನ್ಯಾಯ ಅಲ್ವಾ? ಅಂಗಡಿಯಲ್ಲಿ ಯಾರೂ ಒತ್ತಾಯ ಮಾಡಲಿಲ್ಲ, ಚಹಾ ಕೊಟ್ಟರು, ಮರ್ಯಾದೆಯಿಂದ ಮಾತಾಡಿದರು. ಆದರೆ ಅಂಗಡಿ ಅಂತಾಲ್ಯದಲ್ಲೂ ಇದೆ, ಹಿಯೆರಾಪೊಲಿಸ್ ಅಲ್ಲಿ ಮಾತ್ರ ಇದೆ. ಬುಕ್ ಮಾಡುವಾಗ "ಅಂಗಡಿಗೆ ನಿಲ್ಲಿಸದ ಟೂರ್ ಇದೆಯಾ" ಅಂತ ನೇರವಾಗಿ ಕೇಳಿ. ಸ್ವಲ್ಪ ಜಾಸ್ತಿ ದುಡ್ಡು ಕೇಳುತ್ತಾರೆ, ಕೊಡಿ. ಸಾಲ್ಡಾ ಸರೋವರವನ್ನೂ ಸೇರಿಸಿದ ಟೂರ್‌ಗಳಿವೆ. ಸರೋವರ ಚೆನ್ನಾಗಿದೆ, ಅದರ ಬಿಳಿ ದಡದ ಖನಿಜಗಳನ್ನು ಮಂಗಳ ಗ್ರಹದ ಜೆಜೆರೊ ಕುಳಿಯ ಜೊತೆ ಹೋಲಿಸಿ ನಾಸಾದವರೇ ಅಧ್ಯಯನ ಮಾಡಿದ್ದಾರೆ. ಆದರೆ ಒಂದೇ ದಿನಕ್ಕೆ ಎರಡನ್ನೂ ತುರುಕಬೇಡಿ.

ಇನ್ನು ನೀರು. ಬಿಳಿ ಗುಡ್ಡದ ಮೇಲೆ ಚಪ್ಪಲಿ ಹಾಕುವ ಹಾಗಿಲ್ಲ, ಕೈಯಲ್ಲಿ ಹಿಡಿದುಕೊಂಡು ನಡೆಯಬೇಕು. ಒಂದು ಬಟ್ಟೆ ಚೀಲ ತಗೊಂಡು ಹೋಗಿ. ನೆಲ ಕೆಲವು ಕಡೆ ಅಲೆ ಅಲೆಯಾಗಿ ಗಟ್ಟಿ ಇದೆ, ಪಾದಕ್ಕೆ ಚುಚ್ಚುತ್ತದೆ, ಕೊಳಗಳ ಒಳಗೆ ಮೆತ್ತನೆ ಬಿಳಿ ಕೆಸರು. ಬಿಸಿಲಿನಲ್ಲಿ ಆ ಬಿಳುಪು ಕಣ್ಣಿಗೆ ಹೊಡೆಯುತ್ತದೆ, ಕೂಲಿಂಗ್ ಗ್ಲಾಸ್ ಇಲ್ಲದೆ ಕಷ್ಟ. ಫೋಟೋದಲ್ಲಿರುವ ಹಾಗೆ ಎಲ್ಲಾ ಕೊಳಗಳಲ್ಲೂ ನೀರು ಇರುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡು ಹೋಗಿ. ನೀರನ್ನು ಸರದಿಯಲ್ಲಿ ಬೇರೆ ಬೇರೆ ಕಡೆ ಬಿಡುತ್ತಾರೆ, ಉಳಿದ ಕಡೆ ಒಣಗಲು ಬಿಡುತ್ತಾರೆ. ಹಾಗೆ ಮಾಡಿದರೇನೇ ಕಲ್ಲು ಬಿಳಿಯಾಗಿ ಉಳಿಯುತ್ತದೆ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ಹಿಂದೆ ಈ ಗುಡ್ಡದ ಮೇಲೇ ಹೋಟೆಲುಗಳಿದ್ದವು, ಬಿಸಿ ನೀರನ್ನು ತಮ್ಮ ಈಜುಕೊಳಗಳಿಗೆ ಎಳೆದುಕೊಳ್ಳುತ್ತಿದ್ದವು, ಗುಡ್ಡ ಬಣ್ಣಗೆಟ್ಟಿತ್ತು. ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಅವನ್ನು ಕೆಡವಿದರು. ಹಾಗಾಗಿ ಕಾವಲುಗಾರರು ಸೀಟಿ ಊದಿ ಆಚೆ ಹೋಗಬೇಡಿ ಎಂದರೆ ದಯವಿಟ್ಟು ಕೇಳಿ.

ಅಮ್ಮ ಪುತ್ತೂರಿನ ಕಡೆಯವರು, ಅಲ್ಲಿನ ಇರ್ದೆಯ ಬೆಂದ್ರುತೀರ್ಥದ ಬಿಸಿ ನೀರು ಚಿಕ್ಕಂದಿನಿಂದ ಗೊತ್ತು. ಇಲ್ಲಿ ನೀರಿಗೆ ಕಾಲಿಟ್ಟವರು "ಇದು ಬರೀ ಉಗುರುಬೆಚ್ಚಗಿದೆಯಲ್ಲಾ" ಅಂದರು. ನಿಜ, ಬುಗ್ಗೆಯಲ್ಲಿ ಬಿಸಿ ಇದ್ದರೂ ಹರಿಯುತ್ತಾ ಹರಿಯುತ್ತಾ ತಣ್ಣಗಾಗುತ್ತದೆ. ಬೆಚ್ಚಗೆ ಮುಳುಗಬೇಕು ಎಂದರೆ ಮೇಲಿನ ಆಂಟಿಕ್ ಪೂಲ್‌ಗೆ ಹೋಗಬೇಕು. ಅಲ್ಲಿ ನೀರು 36 ಡಿಗ್ರಿ, ಭೂಕಂಪದಲ್ಲಿ ಬಿದ್ದ ಅಮೃತಶಿಲೆಯ ಕಂಬಗಳು ನೀರಿನೊಳಗೇ ಮಲಗಿವೆ. ಅದಕ್ಕೆ ಬೇರೆ ಟಿಕೆಟ್. ದುರಸ್ತಿಗೆ ಮುಚ್ಚುವುದೂ ಉಂಟು, ಹಾಗಾಗಿ ತೆರೆದಿದೆಯಾ ಎಂದು ಮೊದಲೇ ಕೇಳಿಕೊಳ್ಳಿ. ಸಮಯ ಕಡಿಮೆ ಇದ್ದರೆ ಪೂಲ್ ಬಿಟ್ಟು ಊರು ನೋಡಿ. ಬಿಸಿ ನೀರಿನ ಸ್ನಾನ ಬೇರೆ ಕಡೆ ಸಿಗುತ್ತದೆ.

ಮಂಡಿನೋವು ಇರುವವರಿಗೆ: ಒಳಗೆ ಬ್ಯಾಟರಿ ಗಾಡಿಗಳಿವೆ, ದುಡ್ಡು ಕೊಟ್ಟು ಹತ್ತಬಹುದು. ಅಮ್ಮ ಸ್ಮಶಾನದಿಂದ ದೊಡ್ಡ ಬೀದಿವರೆಗೆ ನಡೆದರು, ರಂಗಮಂದಿರದ ಹತ್ತಿರಕ್ಕೆ ಗಾಡಿಯಲ್ಲಿ ಬಂದರು. ಗುಡ್ಡ ಇಳಿದು ಹಳ್ಳಿಯವರೆಗೆ ಬರುವುದು ಅವರಿಗೆ ಬೇಡ ಎನಿಸಿತು, ಮೇಲಿನ ಕೊಳಗಳಲ್ಲೇ ಕಾಲು ಇಳಿಬಿಟ್ಟು ಕೂತರು. ಅದೇ ಸಾಕು. ನೆರಳು ತೀರಾ ಕಡಿಮೆ, ಟೋಪಿ, ನೀರಿನ ಬಾಟಲಿ ಮರೆಯಬೇಡಿ.

ಊಟ ಟೂರಿನಲ್ಲೇ ಸೇರಿತ್ತು, ಬಫೆ. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಮಸೂರ್ ಬೇಳೆ ಸೂಪ್, ಬದನೆಕಾಯಿ, ಎಣ್ಣೆಯಲ್ಲಿ ಬೇಯಿಸಿದ ಬೀನ್ಸ್, ಸಲಾಡ್, ಬ್ರೆಡ್, ಜೊತೆಗೆ ಐರಾನ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ. ಅನ್ನ ಮತ್ತು ಸೂಪನ್ನು ಕೆಲವು ಕಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ, ಕೇಳಿ ಹಾಕಿಸಿಕೊಳ್ಳಿ. ರುಚಿ ಸುಮಾರು. ಹಳ್ಳಿಯ ಕಡೆ ಹೆಂಗಸರು ತವಾದ ಮೇಲೆ ಮಾಡುವ ಗೊಜ್ಲೆಮೆ, ಪಾಲಕ್ ಮತ್ತು ಚೀಸ್ ತುಂಬಿದ ತೆಳು ರೊಟ್ಟಿ, ಅದು ಮಾತ್ರ ಬಫೆಗಿಂತ ಎಷ್ಟೋ ಪಾಲು ಚೆನ್ನಾಗಿತ್ತು.

ಬಸ್ಸು, ಡ್ರೈವರ್, ಗೈಡ್ ಮೂವರಿಗೂ ಐದಕ್ಕೆ ಐದು. ದಿನದ ಪ್ಲಾನಿಗೆ ಎರಡು. ಜಾಗಕ್ಕೆ ನಂಬರ್ ಕೊಡುವುದೇ ಸರಿಯಲ್ಲ. ನಿಮಗೆ ಒಂದು ರಾತ್ರಿ ಬಿಡುವಿದ್ದರೆ ಟೂರ್ ಬಿಟ್ಟು ಡೆನಿಜ್ಲಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಪಮುಕ್ಕಲೆಗೆ ಸುಮಾರು 20 ಕಿಲೋಮೀಟರ್, ಮಿನಿಬಸ್ ಸಿಗುತ್ತವೆ. ಇಜ್ಮಿರ್ ಅಥವಾ ಸೆಲ್ಚುಕ್ ಕಡೆಯಿಂದ ಬರುವವರಿಗೆ ಡೆನಿಜ್ಲಿವರೆಗೆ ರೈಲೂ ಇದೆ. ಬೆಳಿಗ್ಗೆ ಬಸ್ಸುಗಳು ಬರುವ ಮೊದಲು ಗೇಟಿಗೆ ಹೋದರೆ ಮ್ಯೂಸಿಯಂ, ಚರ್ಚು, ರಂಗಮಂದಿರ ಎಲ್ಲವನ್ನೂ ನಿಧಾನಕ್ಕೆ ನೋಡಬಹುದು. ಬಿಡುವಿಲ್ಲ, ಒಂದೇ ದಿನ ಎಂದರೆ ಏಪ್ರಿಲ್-ಮೇ ಅಥವಾ ಅಕ್ಟೋಬರ್‌ನಲ್ಲಿ ಹೋಗಿ, ಉತ್ತರದ ಗೇಟ್ ಕೇಳಿ, ಅಂಗಡಿ ಬೇಡ ಎನ್ನಿ, ನಾಲ್ಕು ಗಂಟೆಯನ್ನು ಮೆಸೇಜಿನಲ್ಲಿ ಬರೆಸಿಕೊಂಡ ಮೇಲೆಯೇ ದುಡ್ಡು ಕಟ್ಟಿ.