ಹಳೇ ಟರ್ನ್‌ಟೇಬಲ್: ಬೆಲ್ಟ್ ಡ್ರೈವೋ, ಡೈರೆಕ್ಟ್ ಡ್ರೈವೋ?

ಬೆಳಗಾವಿಯಲ್ಲಿ ಕಡಿಮೆ ದುಡ್ಡಿಗೆ ಹಳೇ ಟರ್ನ್‌ಟೇಬಲ್ (ಗ್ರಾಮಫೋನ್ ಪ್ಲೇಟು ನುಡಿಸುವ ಯಂತ್ರ) ಹುಡುಕುತ್ತಿದ್ದರೆ ನನ್ನ ಓಟು ಬೆಲ್ಟ್ ಡ್ರೈವಿಗೆ, ಅಂದರೆ ಮೋಟಾರು ರಬ್ಬರ್ ಬೆಲ್ಟಿನ ಮೂಲಕ ತಟ್ಟೆ ತಿರುಗಿಸುವ ಬಗೆಗೆ. ಬೆಲ್ಟ್ ಸಡಿಲವಾದರೆ ವೇಗ ಏರುಪೇರಾಗಿ ತಂಬೂರಿಯ ಶ್ರುತಿಯೇ ಅಲುಗಾಡುತ್ತದೆ, ನಿಜ. ಆದರೆ ಹೊಸ ಬೆಲ್ಟ್ ಅಗ್ಗ, ಮನೆಯಲ್ಲೇ ಹಾಕಬಹುದು. ಮೋಟಾರೇ ನೇರವಾಗಿ ತಟ್ಟೆ ತಿರುಗಿಸುವ ಡೈರೆಕ್ಟ್ ಡ್ರೈವ್‌ನಲ್ಲಿ ವೇಗ ಸ್ಥಿರ. ಸರ್ಕ್ಯೂಟ್ ಕೆಟ್ಟರೆ ಮಾತ್ರ ರಿಪೇರಿಯವರನ್ನು ಹುಡುಕುವುದೇ ಕಷ್ಟ.

ಪೆಟ್ಟಿಗೆಯಲ್ಲೇ ಸ್ಪೀಕರ್ ಇರುವ ಸೂಟ್‌ಕೇಸ್ ಪ್ಲೇಯರ್? ಬೇಡ ಬಿಡಿ. ಅದರ ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಕೂರುವ ಭಾಗ) ಪ್ಲೇಟಿನ ಮೇಲೆ ಜಾಸ್ತಿ ಭಾರ ಹಾಕುತ್ತದೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ ಸಾಮಾನ್ಯವಾಗಿ 2 ಗ್ರಾಂ ಆಸುಪಾಸು ಸಾಕು. ಆದರೆ ಅದಕ್ಕೆ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಫೋನೋ ಪ್ರೀಆಂಪ್ ಬೇಕು, ಆ ಖರ್ಚೂ ಲೆಕ್ಕದಲ್ಲಿರಲಿ.

ಅಜ್ಜನ ಕಾಲದ ಪ್ಲೇಟುಗಳಿದ್ದರೆ (ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಎಳೆ ದನಿ ಸಿಕ್ಕರೆ ಅದೃಷ್ಟ!) 78ರ ವೇಗ (ನಿಮಿಷಕ್ಕೆ 78 ಸುತ್ತು) ಇದೆಯಾ ನೋಡಿ. ಅದಕ್ಕೆ ಸೂಜಿಯೂ ಬೇರೆ, ತುದಿ ದಪ್ಪ ಇರಬೇಕು. ಯಾವುದೇ ಆಗಲಿ, ದುಡ್ಡು ಕೊಡುವ ಮೊದಲು ಒಂದು ಪ್ಲೇಟು ಪೂರ್ತಿ ಹಾಕಿಸಿ ಕೇಳಿ.