ಪೋಕೆಮಾನ್ ಕಾರ್ಡ್ ಟಿನ್: ಗ್ರೇಡಿಂಗ್ ಮಾಡಿಸುವವರಿಗೆ ಎಷ್ಟು ತಕ್ಕದ್ದು?

ಪೋಕೆಮಾನ್ ಟ್ರೇಡಿಂಗ್ ಕಾರ್ಡ್‌ಗಳು ಮಾರಾಟಕ್ಕೆ ಬರುವ ಹಲವು ರೂಪಗಳಲ್ಲಿ ತಗಡಿನ ಡಬ್ಬಿ, ಅಂದರೆ ಟಿನ್, ನೋಡಲು ಬಹಳ ಸೊಗಸಾದದ್ದು. ದೊಡ್ಡ ಟಿನ್‌ನಲ್ಲಿ ಹೊಳೆಯುವ ಫಾಯಿಲ್ ಪದರದ ಒಂದು ವಿಶೇಷ ಕಾರ್ಡ್, ಅಂದರೆ ಪ್ರೋಮೋ ಕಾರ್ಡ್, ಹಾಗೂ ಸಾಮಾನ್ಯವಾಗಿ ಮೂರರಿಂದ ಐದು ಬೂಸ್ಟರ್ ಪ್ಯಾಕ್‌ಗಳಿರುತ್ತವೆ. ಮಿನಿ ಟಿನ್‌ನಲ್ಲಿ ಎರಡೇ ಪ್ಯಾಕ್. ಆಟವಾಡುವವರಿಗೂ ಉಡುಗೊರೆ ಕೊಡುವವರಿಗೂ ಇದು ಒಪ್ಪುವ ವಸ್ತು. ಆದರೆ ಪ್ರೋಮೋ ಕಾರ್ಡನ್ನು ಗ್ರೇಡಿಂಗ್‌ಗೆ (ಕಾರ್ಡಿನ ಸ್ಥಿತಿಯನ್ನು ಪರಿಶೀಲಿಸಿ ಅಂಕ ಕೊಡುವ ಸೇವೆಗೆ) ಕಳುಹಿಸಿ ಹತ್ತಕ್ಕೆ ಹತ್ತು ಪಡೆಯುವ ಆಸೆಯಿಂದ ಕೊಳ್ಳುವವರಿಗೆ ನಾನು ಟಿನ್ ಅನ್ನು ಶಿಫಾರಸು ಮಾಡಲಾರೆ, ಏಕೆಂದರೆ ಯಾವ ಕಾರ್ಡಿನ ಹೆಸರು ಹೇಳಿ ಡಬ್ಬಿಯನ್ನು ಮಾರುತ್ತಾರೋ ಆ ಕಾರ್ಡಿಗೇ ಒಳಗೆ ರಕ್ಷಣೆ ಕಡಿಮೆ.

ಬೂಸ್ಟರ್ ಪ್ಯಾಕಿನೊಳಗಿನ ಕಾರ್ಡ್‌ಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುವುದರಿಂದ ಪರಸ್ಪರ ಆಸರೆಯಾಗುತ್ತವೆ. ಪ್ರೋಮೋ ಕಾರ್ಡಿಗೆ ಆ ಭಾಗ್ಯವಿಲ್ಲ. ನಾನು ತೆರೆದ ಟಿನ್‌ನಲ್ಲಿ ಅದಕ್ಕಿದ್ದದ್ದು ತೆಳು ಪ್ಲಾಸ್ಟಿಕ್ ಹೊದಿಕೆಯೊಂದೇ. ಗಟ್ಟಿ ರಟ್ಟಿನ ಆಸರೆ ಇರಲಿಲ್ಲ. ನೇರವಾಗಿ ನೋಡಿದಾಗ ಕಾರ್ಡ್ ನಿಷ್ಕಳಂಕವಾಗಿಯೇ ಕಂಡಿತು. ದೀಪದ ಕೆಳಗೆ ಓರೆಯಾಗಿ ತಿರುಗಿಸಿದಾಗ ಮಾತ್ರ ಚಿತ್ರದ ಕೆಳಭಾಗದಲ್ಲಿ ಒಂದು ಸಣ್ಣ ತಗ್ಗು ಮೂಡಿತು. ಪಕ್ಕದ ಪ್ಯಾಕಿನ ಹಲ್ಲುಹಲ್ಲಾದ ಅಂಟುತುದಿ ಸಾಗಣೆಯ ವೇಳೆ ಒತ್ತಿರಬೇಕು ಎಂಬುದು ನನ್ನ ಊಹೆ. ಹಿಂಬದಿಯ ನೀಲಿ ಅಂಚಿನ ಒಂದು ಮೂಲೆಯಲ್ಲಿ ಬಣ್ಣ ಕಿತ್ತು, ಒಳಗಿನ ಕಾಗದ ಬಿಳಿ ಚುಕ್ಕಿಯಾಗಿ ಇಣುಕುತ್ತಿತ್ತು. ಸಂಗ್ರಾಹಕರು ವೈಟ್ನಿಂಗ್ ಎನ್ನುವುದು ಇದನ್ನೇ. ಸೀಲ್ ಒಡೆದು ಆಗತಾನೇ ತೆಗೆದ ಕಾರ್ಡ್ ಆದ್ದರಿಂದ ಜೆಮ್ ಮಿಂಟ್ (10 ಅಂಕದ ದರ್ಜೆ) ಆಗಿಯೇ ಇರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಗ್ರೇಡಿಂಗ್‌ನಲ್ಲಿ ಮುಖ್ಯವಾಗಿ ನೋಡುವುದು ಸೆಂಟರಿಂಗ್, ಮೂಲೆ, ಅಂಚು ಮತ್ತು ಮೇಲ್ಮೈಗಳನ್ನು. ಇವುಗಳಲ್ಲಿ ಮನೆಯಲ್ಲೇ ನಿಖರವಾಗಿ ಅಳೆಯಬಹುದಾದದ್ದು ಸೆಂಟರಿಂಗ್, ಅಂದರೆ ಚಿತ್ರದ ಸುತ್ತಲಿನ ಪಟ್ಟಿ ಎರಡೂ ಬದಿಗೆ ಎಷ್ಟು ಸಮವಾಗಿದೆ ಎಂಬುದು. ಪಿಎಸ್‌ಎ ಸಂಸ್ಥೆ 10 ಕೊಡಬೇಕಾದರೆ ಮುಂಭಾಗದಲ್ಲಿ ಈ ಅನುಪಾತ ಸುಮಾರು 55/45ರ ಮಿತಿಯಲ್ಲಿರಬೇಕು. ಹಿಂಭಾಗಕ್ಕೆ 75/25ರವರೆಗೆ ಸಡಿಲಿಕೆಯಿದೆ. 63 ಮಿ.ಮೀ. ಅಗಲದ ಕಾರ್ಡಿನಲ್ಲಿ ಎಡಬಲದ ಪಟ್ಟಿಗಳು ಸೇರಿ 6 ಮಿ.ಮೀ. ಇವೆ ಎಂದುಕೊಂಡರೆ, ಒಂದು ಬದಿ 3.3 ಮತ್ತು ಇನ್ನೊಂದು ಬದಿ 2.7 ಮಿ.ಮೀ. ಇರುವವರೆಗೆ ಮಾತ್ರ ಅದು ಮಿತಿಯೊಳಗಿರುತ್ತದೆ. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ಈ ವ್ಯತ್ಯಾಸ ಬರಿಗಣ್ಣಿಗೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಪಾರದರ್ಶಕ ಅಳತೆಪಟ್ಟಿಯೊಂದನ್ನು ಬಳಸುವುದು ಒಳ್ಳೆಯದು. ಮುದ್ರಣಾಲಯದಲ್ಲಿ ಕತ್ತರಿಸುವಾಗಲೇ ಆದ ಓರೆಯನ್ನು ಯಾವ ಜಾಗರೂಕತೆಯೂ ಸರಿಪಡಿಸಲಾರದು. ಫಾಯಿಲ್ ಕಾರ್ಡ್‌ಗಳಿಗೆ ಇನ್ನೊಂದು ಕಾಟವಿದೆ: ಕಾಗದದ ಪದರ ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಫಾಯಿಲ್ ಪದರ ಹಾಗೆ ಮಾಡುವುದಿಲ್ಲ, ಹೀಗಾಗಿ ಕಾರ್ಡ್ ದೋಣಿಯಂತೆ ಬಾಗುತ್ತದೆ.

ಮಾರಾಟಗಾರರು ಬಳಸುವ ನಿಯರ್ ಮಿಂಟ್ (ಬಹುತೇಕ ಹೊಸದರಂತೆ), ಲೈಟ್ಲಿ ಪ್ಲೇಡ್ (ತುಸು ಬಳಸಿದ್ದು) ಮುಂತಾದ ದರ್ಜೆಗಳನ್ನು ಈ ಅಂಕಗಳೊಂದಿಗೆ ಬೆರೆಸಬಾರದು. ನಿಯರ್ ಮಿಂಟ್ ಎಂದು ಪ್ರಾಮಾಣಿಕವಾಗಿಯೇ ಮಾರಿದ ಕಾರ್ಡ್ ಗ್ರೇಡಿಂಗ್‌ನಲ್ಲಿ 7 ಅಥವಾ 8 ಪಡೆದರೆ ಯಾರೂ ಮೋಸ ಮಾಡಿದಂತಾಗುವುದಿಲ್ಲ.

ಗ್ರೇಡಿಂಗ್ ಸಂಸ್ಥೆಗಳ ಪೈಕಿ 1991ರಲ್ಲಿ ಆರಂಭವಾದ ಪಿಎಸ್‌ಎ ಒಂದೇ ಒಟ್ಟು ಅಂಕ ಕೊಡುತ್ತದೆ. ಬೆಕೆಟ್ ಸಂಸ್ಥೆಯ ಬಿಜಿಎಸ್ ನಾಲ್ಕು ಅಂಶಗಳಿಗೂ ಬೇರೆಬೇರೆ ಉಪಾಂಕವನ್ನೂ ನೀಡಬಲ್ಲದು, ನಾಲ್ಕರಲ್ಲೂ 10 ಬಂದರೆ ಬ್ಲ್ಯಾಕ್ ಲೇಬಲ್ ಎಂಬ ಅದರ ಅತ್ಯುನ್ನತ ಗುರುತು ಸಿಗುತ್ತದೆ. ಕಾಮಿಕ್ಸ್ ಗ್ರೇಡಿಂಗ್‌ನಲ್ಲಿ ಹೆಸರು ಮಾಡಿದ್ದ ಸಿಜಿಸಿ 2020ರಲ್ಲಿ ಕಾರ್ಡ್‌ಗಳಿಗೂ ಕೈಹಾಕಿತು. ಅಂಕ ಎಲ್ಲಿ ಕಡಿತವಾಯಿತು ಎಂದು ತಿಳಿಯಬಯಸುವವರಿಗೆ ಉಪಾಂಕವಿರುವ ವರದಿಯೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಈ ಮೂವರಲ್ಲಿ ಯಾರು ಕೊಟ್ಟರೂ ಅಂಕವೆನ್ನುವುದು ಮುಖ್ಯವಾಗಿ ಪರಿಣತರ ತೀರ್ಮಾನವೇ ಹೊರತು ಯಂತ್ರದ ಅಳತೆಯಲ್ಲ. ಪಿಎಸ್‌ಎ ಗ್ರೇಡ್ ಮಾಡಿದ ಮೊದಲ ಕಾರ್ಡ್, ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರ ಟಿ206 ಎಂಬ ಹಳೆಯ ಸರಣಿಯ ಕಾರ್ಡ್, 8 ಅಂಕ ಪಡೆದಿತ್ತು. ಅದು ಇನ್ನಷ್ಟು ಚೊಕ್ಕಟವಾಗಿ ಕಾಣಲೆಂದು ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿ ಹರಾಜುದಾರ ಬಿಲ್ ಮಾಸ್ಟ್ರೋ 2013ರಲ್ಲಿ ಒಪ್ಪಿಕೊಂಡರು. ಇದನ್ನು ತಿಳಿದ ಮೇಲೂ ನಾನು ಗ್ರೇಡಿಂಗ್ ಬೇಡವೆನ್ನುವುದಿಲ್ಲ, ಸ್ಲ್ಯಾಬ್ (ಗ್ರೇಡ್ ಆದ ಕಾರ್ಡನ್ನು ಮುಚ್ಚಿಡುವ ಗಟ್ಟಿ ಪ್ಲಾಸ್ಟಿಕ್ ಕವಚ) ಮೇಲಿನ ಅಂಕಿಯನ್ನು ನೋಡಿದಷ್ಟೇ ಶ್ರದ್ಧೆಯಿಂದ ಒಳಗಿನ ಕಾರ್ಡನ್ನೂ ನೋಡಿ ಎನ್ನುತ್ತೇನೆ.

ಖಾಲಿಯಾದ ಟಿನ್ ಅನ್ನು ಸಾಮಾನ್ಯ ಕಾರ್ಡ್‌ಗಳ ಸಂಗ್ರಹಕ್ಕೆ ಬಳಸಲು ಅಡ್ಡಿಯಿಲ್ಲ, ಅದು ಗಟ್ಟಿಮುಟ್ಟಾಗಿದೆ. ಒಳಬದಿಯ ಮಡಿಸಿದ ತಗಡಿನ ಅಂಚು ಮೂಲೆಗಳಿಗೆ ತಾಗುವುದರಿಂದ ಸ್ಲೀವ್ (ತೆಳು ಪ್ಲಾಸ್ಟಿಕ್ ಹೊದಿಕೆ) ಹಾಕದ ಕಾರ್ಡನ್ನು ಮಾತ್ರ ಇಡಬಾರದು. ಸ್ಲೀವ್ ಪಿವಿಸಿಯದ್ದಾಗಿರದೆ ಪಾಲಿಪ್ರೊಪಿಲೀನ್‌ನದ್ದಾಗಿರಲಿ. ಮುಚ್ಚಳ ಗಾಳಿಯನ್ನು ಪೂರ್ತಿ ತಡೆಯುವಂಥದ್ದಲ್ಲವಾದ್ದರಿಂದ ಸಿಲಿಕಾ ಜೆಲ್‌ನ ಒಂದು ಪೊಟ್ಟಣ ಒಳಗಿರಲಿ, ಉಳಿದ ಜಾಗಕ್ಕೆ ಕಾರ್ಡ್‌ಗಳು ಜಾರದಂತೆ ಫೋಮ್ ತುಂಡೊಂದನ್ನು ತುಂಬಿ. ಗ್ರೇಡಿಂಗ್‌ಗೆಂದು ಎತ್ತಿಟ್ಟ ಕಾರ್ಡ್‌ಗಳಿಗೆ ಸ್ಲೀವ್ ಹಾಕಿ, ಅರೆಗಟ್ಟಿಯಾದ ಕಾರ್ಡ್ ಸೇವರ್‌ನಲ್ಲಿ ಸೇರಿಸಿ, ಟಿನ್‌ನಿಂದ ಹೊರಗೇ ಇಡುವುದು ಲೇಸು.